ಬಿತ್ತನೆ ಅವರೆಗೆ ಕೊಟ್ಟ ಹೊಗೆ

ಅತ್ತಿಗೆ,

ನೀನಿರುವ ಕಡೆ ಹೊಗೆಯಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ನಿಂತುಹೋದ ಅಕ್ಷರ ನನ್ನದು, ತಪ್ಪಿದ್ದರೆ ನಗು. ಕೊನೆಕೊನೆಗೆ ನಗುವುದಕ್ಕೂ ನಿನಗೆ ಉಸಿರು ಸಾಲುತ್ತಿರಲಿಲ್ಲವಲ್ಲ...

ಹೊಗೆ ಇಲ್ಲದ ಒಲೆ ಕಟ್ಟಿಸುತ್ತೇವೆ ಅಂತ ಸರ್ಕಾರದವರು ಬಂದ ದಿನ ನೆನಪಿದೆಯಾ? ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಒಬ್ಬ ಸಾಹೇಬರು, ಸೌದೆ ಉಳಿದರೆ ಮಾಕಳಿದುರ್ಗದ ಬೆಟ್ಟ ಹಸಿರಾಗುತ್ತದೆ, ಮಳೆ ಬರುತ್ತದೆ ಎಂದರು. ಇನ್ನೊಬ್ಬರು ಎದ್ದು, ಬೆಟ್ಟ ಆಮೇಲೆ, ಹೆಂಗಸರ ಶ್ವಾಸಕೋಶ ಮೊದಲು ಎಂದರು. ಮೈಕಿಗಾಗಿ ಕಿತ್ತಾಡಿದರೇ ಹೊರತು ನಮ್ಮನ್ನು ಒಂದು ಮಾತು ಕೇಳಲಿಲ್ಲ. ನೀನು ನನ್ನ ಕಿವಿಯಲ್ಲಿ ಹೇಳಿದೆ: “ಇಬ್ರನ್ನೂ ನಮ್ ಅಡ್ಗೆಮನೇಲಿ ಒಂದ್ ಹೊತ್ತು ಮುದ್ದೆ ತಿರುವಕ್ಕೆ ಬಿಡು ಕಣೇ, ಜಗಳ ತಾನೇ ನಿಲ್ಲುತ್ತೆ.”

ಒಲೆ ಬಂತು. ಹೊಗೆ ಕೊಳವೆ ಹಿಡಿದು ಸೂರಿನಾಚೆ ಹೋಯಿತು. ಒಂದಷ್ಟು ದಿನ ನಿನ್ನ ಕಣ್ಣು ಬೆಳ್ಳಗಿದ್ದವು. ಆಮೇಲೆ ಅಟ್ಟದ ಮೇಲಿದ್ದ ಬಿತ್ತನೆ ಅವರೆಗೆ ಹುಳ ಬಿತ್ತು. ಒಲೆಯ ಹೊಗೆ ಕುಡಿದೇ ಅಲ್ಲವೇ ನಮ್ಮ ಬೀಜ ವರ್ಷವಿಡೀ ಉಳಿಯುತ್ತಿದ್ದದ್ದು? ಅದು ಯಾವ ಸಾಹೇಬರಿಗೂ ಹೊಳೆದಿರಲಿಲ್ಲ. ಹೊಗೆ ಮತ್ತೆ ಅಟ್ಟಕ್ಕೇರಲಿ ಅಂತ ಅಣ್ಣ ಗೋಣಿತಾಟು ಸುತ್ತಿ ಒಳಗಿನಿಂದಲೇ ಕೊಳವೆಯ ಬಾಯಿಗೆ ತುರುಕಿದ. ಬೂದಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿಡೋಣ ಎಂದು ನಾನು ಗಂಡನ ಮನೆಯಿಂದ, ಪಕ್ಕದ ಬೀದಿಯಿಂದ, ಓಡಿ ಬಂದು ಗೋಗರೆದೆ. ನನ್ನ ಗಾಬರಿ ಊರಿಗೇ ಗೊತ್ತು, ಯಾರು ಕಿವಿಗೊಡುತ್ತಾರೆ? ಬೀಜ ಉಳಿಯಿತು. ಮುಂದೆ ಪರೀಕ್ಷೆಗೆ ಬಂದ ಸಾಹೇಬರು ರಸ್ತೆಯಿಂದಲೇ ಸೂರಿನ ಮೇಲೆ ಕೊಳವೆ ಕಂಡು, ಒಲೆ ಚೆನ್ನಾಗಿದೆ ಅಂತ ಜೀಪು ಹತ್ತಿದರು. ಒಳಗೆ ನೀನು ಕೆಮ್ಮುತ್ತಿದ್ದೆ.

ದೊಡ್ಡಬಳ್ಳಾಪುರದಲ್ಲಿ ಡಾಕ್ಟರು ನಿನ್ನ ಎದೆ ನೋಡಿ, “ಬೀಡಿ ಸೇದ್ತೀಯೇನಮ್ಮ?” ಎಂದರು. ಅಣ್ಣ ನಕ್ಕುಬಿಟ್ಟ. ಅವತ್ತು ಉರಿದ ನನ್ನ ಹೊಟ್ಟೆ ಇನ್ನೂ ಆರಿಲ್ಲ. ನೀನು ಸೇದಿದ್ದು ನಿಜ. ಆದರೆ ಯಾರ ಬೀಜಕ್ಕೆ, ಯಾರ ಹೊಲಕ್ಕೆ, ಯಾರ...

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ನಿನ್ನ ವರ್ಷದ ತಿಥಿಗೆ ಮೊದಲೇ ಅಣ್ಣನಿಗೆ ಹೊಸಕೋಟೆ ಕಡೆಯ ಹೆಣ್ಣು ನೋಡಿದ್ದಾರೆ. ಮೊನ್ನೆ ಹುಡುಗಿಯ ತಾಯಿ ಮನೆ ನೋಡಲು ಬಂದಿದ್ದರು. ಅಣ್ಣ ಎತ್ತು ತೋರಿಸಿದ, ಬೋರ್‌ವೆಲ್ ತೋರಿಸಿದ, ತೆಂಗಿನ ಸಸಿ ಕೂಡ ತೋರಿಸಿದ. ನಾನು ಆಕೆಯ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದೆ. ಒಲೆ ಉರಿಯುತ್ತಿತ್ತು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಗೋಣಿತಾಟಿನ ಕಡೆ ಕೈ ತೋರಿಸಿದೆ.

“ನಮ್ಮತ್ತಿಗೆ ಸತ್ತಿದ್ದು ಇದ್ರಿಂದ. ಹೆಣ್ಣು ಕೊಡೋದಾದ್ರೆ ಮೊದ್ಲು ಇದನ್ನ ಕೀಳಿಸಿ, ಆಮೇಲ್ ಕೊಡಿ.”

ಆಕೆ ಕಾಫಿಯನ್ನೂ ಮುಟ್ಟದೆ ಬಸ್ಸಿಗೆ ಹೊರಟುಬಿಟ್ಟರು. ಅಣ್ಣ ಬೀದಿಗೆಲ್ಲ ಕೇಳುವ ಹಾಗೆ, “ಸಂಬಂಧ ಮುರುದ್ಯಲ್ಲೇ, ಹೊಟ್ಟೆ ತಣ್ಗಾಯ್ತಾ?” ಎಂದ. ಇಲ್ಲ ಅಂದೆ.

ಅವರಿಂದ ಇನ್ನೂ ಮಾತು ಬಂದಿಲ್ಲ. ಗೋಣಿತಾಟೂ ಅಲ್ಲೇ ಇದೆ. ಅಣ್ಣ ಬೇರೆ ಕಡೆ ಹೆಣ್ಣು ಹುಡುಕುತ್ತಾನೆ, ನನ್ನನ್ನು ಹೊಸಿಲು ದಾಟಿಸುವುದಿಲ್ಲ ಅಂತೆಲ್ಲ ನೆನೆದು ನನಗೆ ಅನ್ನ ಸೇರುತ್ತಿಲ್ಲ. ಆದರೂ ಕೇಳು. ಯಾರೇ ಮನೆ ನೋಡಲು ಬರಲಿ, ಬಸ್ ಸ್ಟ್ಯಾಂಡಿನಲ್ಲೇ ಕಾದು ನಿಂತಾದರೂ ನಾನೇ ಮೊದಲು ಮಾತಾಡುತ್ತೇನೆ. ನಿನ್ನ ಹೆಸರು ಹೇಳಿಯೇ ಮಾತಾಡುತ್ತೇನೆ, ಅತ್ತಿಗೆ.