ತಾಮ್ರದ ತಂತಿ ಸುತ್ತಿದ ಹಿಡಿ

ಗುಂಜೋಟಿ
ಫಾಲ್ಗುಣ ಬಹುಳ ಪಂಚಮಿ, ಫಸಲಿ ೧೩೩೨

ಅಣ್ಣಾ,

‘ಇನ್ನ ಮ್ಯಾಲ ನೀನ ಉಜ್ಜಕೋ’ ಎಂದೇ ನೀನು ಅಂದದ್ದು. ಅದರ ಬೆನ್ನಿಗೆ ಇನ್ನೊಂದು ಮಾತು ಇತ್ತು, ಅದು ಎಷ್ಟು ನೆನೆದರೂ ಬರುತ್ತಿಲ್ಲ. ಗರಗಸದ ಹಲ್ಲು ಉಜ್ಜುವ ಅರವನ್ನು ನೀನು ಕಟ್ಟೆಯ ಮೇಲೆ ಇಟ್ಟ ಸದ್ದು ನೆನಪಿದೆ. ಗರಗಸಕ್ಕೆ ಎಣ್ಣೆ ಸವರಿ, ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡದ್ದು ನೆನಪಿದೆ. ಹದಿನೆಂಟು ತಿಂಗಳ ಮೇಲೆ ಪತ್ರ ಬರೆಯುವವನು ಮಾತಿನ ನಡುವಿನಿಂದ ಶುರುಮಾಡುವುದು ಸರಿಯಲ್ಲ. ಮೊದಲು ಕಾಲಿಗೆ ಬಿದ್ದೆನೆಂದು ತಿಳಿ. ನಿನ್ನ ಮೊಣಕಾಲು ಹೇಗಿದೆ? ಉದಗೀರದ ನೀರು ವೈನಿಗೆ ಹಿಡಿಯಿತೇ? ನೀನು ಅಲ್ಲಿ ಒಂದು ವಖಾರದಲ್ಲಿ ಕೂತು ಸೌದೆ ತೂಗುತ್ತೀ ಎಂದು ಉದಗೀರಕ್ಕೆ ಬಂಡಿ ಹೊಡೆಯುವ ದಿಗಂಬರ ಹೇಳಿದ. ತುಂಡಾಗಿ ಬಂದ ಕಟ್ಟಿಗೆಯನ್ನು ತೂಗುವುದು ನಿನಗೆ ಹೇಗನ್ನಿಸುತ್ತದೆಂದು ಅವನನ್ನು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರುತ್ತಿರಲಿಲ್ಲ.

ಇಲ್ಲಿ ಎಲ್ಲರೂ ಇದ್ದ ಹಾಗೆ ಇದ್ದೇವೆ. ಬಿಳಿಜೋಳ ಮನೆಗೆ ಬಂತು. ನನ್ನವಳು ಕಸ್ತೂರಬಾಯಿ ಸಂಕ್ರಾಂತಿಗೆ ಮಾಡಿದ ಎಳ್ಳಿನ ಹೋಳಿಗೆಯಲ್ಲಿ ವೈನಿಯ ಪಾಲೆಂದು ಎರಡು ಎತ್ತಿಟ್ಟಿದ್ದಳು. ಎಂಟು ದಿನ ಕಾದು, ನಂತರ ಎಮ್ಮೆಗೆ ಹಾಕಿದಳು. ನನ್ನ ಹೆಗಲು ಚಳಿಗಾಲದಲ್ಲಿ ಮೊದಲಿನಂತೆಯೇ ನೋಯುತ್ತದೆ, ಬೇವಿನ ಮರದಿಂದ ಬಿದ್ದು ಮುರಿದುಕೊಂಡ ಆ ಎಡಗಡೆಯದು.

ಗರಗಸದ ವಿಷಯ ಬರೆಯಬೇಕೆಂದು ಕೂತಿದ್ದೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಸಿಟ್ಟಾಗಬೇಡ. ನನಗೆ ಅದನ್ನು ಒಂದು ಸಲ ಸಾಲಾಗಿ ಇಟ್ಟು ನೋಡಬೇಕಾಗಿದೆ. ಅಪ್ಪ ಸೋಲಾಪುರದಿಂದ ಹೆಗಲ ಮೇಲೆ ಹೊತ್ತು ತಂದ ಗರಗಸ ಅದು. ಎರಡು ತುದಿಗೆ ಎರಡು ಹಿಡಿ, ದಿಮ್ಮಿಯ ಆ ಕಡೆ ಒಬ್ಬ, ಈ ಕಡೆ ಒಬ್ಬ. ಒಂದು ಹಿಡಿಗೆ ಅಪ್ಪ ತಾಮ್ರದ ತಂತಿ ಸುತ್ತಿದ್ದ. ಅದು ಹಿರಿಯನದು. ‘ಹಿರಿಯಾಂವ ಜೀವಂತ ಇರೋತನಕಾ ಕಿರಿಯಾಂವ ಇದಕ್ಕ ಕೈ ಹಚ್ಚಬಾರ್ದು’ ಎಂದಿದ್ದ. ಹಲ್ಲು ಉಜ್ಜುವ ಅರವೂ ಹಿರಿಯನ ಕೈಯದೇ. ದಸರೆಯಲ್ಲಿ ವಿಭೂತಿ ಮೊದಲು ಬೀಳುವುದು ಆ ತಂತಿಯ ಮೇಲೆ. ಹೀಗೆ ಇಪ್ಪತ್ತೆಂಟು ವರ್ಷ ನಾನು ಬರೀ ಕಟ್ಟಿಗೆಯ ಹಿಡಿ ಹಿಡಿದೆ. ಎಂಟು ದಿನಕ್ಕೊಮ್ಮೆ ನೀನು ಗರಗಸವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬೆಳಕಿಗೆ ಬೆನ್ನು ಕೊಟ್ಟು, ನನ್ನನ್ನು ಎಮ್ಮೆಗೆ ನೀರು ಕುಡಿಸಲು ಕಳಿಸಿ ಹಲ್ಲು ಉಜ್ಜುತ್ತಿದ್ದೆ. ಅದು ನಿನ್ನ ದೊಡ್ಡಸ್ತಿಕೆ ಎಂದು ನಾನು ಬಗೆದಿದ್ದೆ. ತಮ್ಮನಿಗೆ ಕಲಿಸಿದರೆ ತಮ್ಮ ಸರಿಸಮ ಆದಾನು ಎಂಬ ಅಂಜಿಕೆ ಎಂದೂ ಬಗೆದಿದ್ದೆ.

ನಿಲಂಗಾದ ಆ ದಿನವನ್ನು ನೀನು ಮರೆತಿರಲಾರೆ. ಗಾಣದವರ ಅಂಗಳದಲ್ಲಿ ಹುಣಸೆಯ ದಿಮ್ಮಿ, ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪ. ಸಂತೆಯ ದಿನವಾದ್ದರಿಂದ ಸುತ್ತ ಜನ. ಒಳಗಿನ ಗಟ್ಟಿ ಚೇಗು ತಾಗಿದ ಮೇಲೆ ನೀನು ಮೂರು ಸಲ ನಿಂತೆ. ಮೂರನೆಯ ಸಲ ಹಣೆಯನ್ನು ಗರಗಸದ ಬೆನ್ನಿಗೆ ಆನಿಸಿ ಉಸಿರು ಎಳೆದುಕೊಂಡೆ. ನನಗೆ ದಣಿವೇ ಇರಲಿಲ್ಲ. ಯಾರೋ ನಕ್ಕರು. ಆಗ ನಾನು, ‘ನೀ ಬರೇ ಹಿಡಕೊಂಡು ನಿಂತೀದಿ, ಎಳಿಯಾಂವ ನಾ. ಇಷ್ಟ ವರ್ಷ ನನ್ನ ತೋಳಿನ ಮ್ಯಾಲ ಉಂಡಿ’ ಎಂದೆ. ಈ ಮಾತು ಮಾತ್ರ ನನಗೆ ಒಂದಕ್ಷರ ಬಿಡದೆ ನೆನಪಿದೆ. ನೀನು ಗರಗಸವನ್ನು ಸಂದಿನಿಂದ ಎಳೆದು ತೆಗೆದೆ. ಎಣ್ಣೆ ಸವರಿದೆ, ಅರ ಇಟ್ಟೆ, ಮೇಲೆ ಬರೆದ ಮಾತು ಹೇಳಿದೆ. ಎಂಟು ದಿನಕ್ಕೆ ವೈನಿಯನ್ನು ಕರೆದುಕೊಂಡು ಅವಳ ತವರೂರು ಉದಗೀರಕ್ಕೆ ಹೋದೆ. ದಿಮ್ಮಿ ಅರ್ಧ ಕೊಯ್ದ ಹಾಗೆಯೇ ಉಳಿಯಿತು.

ನೀನು ಹೋದ ಮೇಲೂ ತಾಮ್ರದ ಹಿಡಿಯನ್ನು ನಾನು ಹಿಡಿಯಲಿಲ್ಲ. ಅಪ್ಪನ ಮಾತು ಉಳಿಸಿಕೊಂಡೆ. ಅಣ್ಣ ಬಿಟ್ಟು ಹೋದರೂ ಅಣ್ಣನ ಜಾಗಕ್ಕೆ ಕೂರಲಿಲ್ಲ ಎಂದು ಊರವರು ಅನ್ನಲಿ ಎಂಬ ಆಸೆಯೂ ಇದರೊಳಗೆ ಇತ್ತು, ಮುಚ್ಚಿಡುವುದಿಲ್ಲ. ಆ ತುದಿಗೆ ಕೂಲಿಯವರನ್ನು ಕೂರಿಸಿದೆ. ಹಲ್ಲು ಮೊಂಡಾದಾಗ ನೀನು ಬಿಟ್ಟ ಅಂಚಿನ ಮೇಲೆಯೇ ಅರ ಇಟ್ಟು ಉಜ್ಜಿದೆ. ನನ್ನದೆಂದು ಒಂದು ಗೆರೆಯನ್ನೂ ಹಾಕಲಿಲ್ಲ. ಮೊದಲು ಬಂದ ಗುರಣ್ಣ ಒಂದು ತಿಂಗಳು ಎಳೆದು, ಹೆಂಡತಿಯ ಊರಲ್ಲಿ ಕೆಲಸವಿದೆ ಎಂದು ಹೋದವನು ಬರಲೇ ಇಲ್ಲ. ಅವನಿಗೆ ಮೈಯಲ್ಲಿ ಬಲವಿಲ್ಲ ಎಂದು ಕಸ್ತೂರಬಾಯಿಗೆ ಹೇಳಿದೆ.

ಆಮೇಲೆ ಬೀರಣ್ಣ ಬಂದ. ಹಾಲುಮತದ ಮಾಳಮ್ಮನ ಮಗ, ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳ ದಾಟುತ್ತಾನಲ್ಲ, ಅವನೇ. ನಮ್ಮ ಕಣ್ಣೆದುರಿಗೆ ಮೀಸೆ ಮೂಡಿದವನು, ಈಗ ಎರಡು ಮಕ್ಕಳ ತಂದೆ. ಅವನಿಗಿಂತ ಗಟ್ಟಿ ಆಳು ಈ ಊರಲ್ಲಿ ಇಲ್ಲ. ಬಂಡಿಯ ಗಾಲಿಗೆಂದು ಕರಿಜಾಲಿಯ ದಿಮ್ಮಿ ಕೊಯ್ಯುತ್ತಿದ್ದೆವು. ಮೂರನೆಯ ದಿನ ಅವನು ಹಿಡಿ ಬಿಟ್ಟು ನೆಲಕ್ಕೆ ಕೂತ. ‘ಕಾಕಾ, ಈ ಗರಗಸಕ್ಕ ನನ್ನ ಮ್ಯಾಲ ಏನರ ಹಗಿ ಅದ ಏನ್ರಿ? ನೀವು ಎಳದ್ರ ಬೆಣ್ಯಾಗ ಹೋದಂಗ ಹೋಗ್ತದ, ನಾ ಎಳದ್ರ ಬಂಡಿ ಎಳದಂಗ ಆಗ್ತದ’ ಎಂದ. ಕುರಿ ಕಾಯುವವನಿಗೆ ಇದೆಲ್ಲ ಹತ್ತುವುದಿಲ್ಲ ಎಂದು ನಾನು ಚುಚ್ಚಿದೆ. ಅವನು ನಕ್ಕು, ‘ಹಂಗಾದ್ರ ಒಂದ ಸಲ ಈ ಕಡಿ ಬರ್ರಿ. ನಿಮ್ಮ ತಂತಿ ಏನು ಕಡೀತದ?’ ಎಂದ. ಬೇಡ ಎಂದೆ. ಅವನು ಕೇಳಲಿಲ್ಲ. ಗರಗಸವನ್ನು ಎತ್ತಿ ತುದಿಗೆ ತುದಿ ತಿರುಗಿಸಿ ಕೊಯ್ದ ಸಂದಿನಲ್ಲಿ ಇಟ್ಟುಬಿಟ್ಟ. ತಾಮ್ರದ ಹಿಡಿ ನನ್ನ ಮುಂದೆ ಬಂತು.

ಹಿಡಿದೆ. ಅಪ್ಪನ ಮಾತು ಮುರಿದದ್ದು ಹೀಗೆ, ಒಬ್ಬ ಕುರುಬರ ಹುಡುಗನ ಪಂಥಕ್ಕೆ. ನಲವತ್ತು ಎಳೆತಕ್ಕೆ ನನ್ನ ಉಸಿರು ಕಟ್ಟಿತು. ಅರವತ್ತಕ್ಕೆ ನಿಂತೆ. ನಿಂತವನು ಹಣೆಯನ್ನು ಗರಗಸದ ಬೆನ್ನಿಗೆ ಆನಿಸಿದ್ದೇನೆ ಎಂಬುದು ಆಮೇಲೆ ತಿಳಿಯಿತು. ಬೀರಣ್ಣ ಆ ಕಡೆಯಿಂದ, ‘ಯಾಕ್ರಿ ಕಾಕಾ, ಬೆಣ್ಣಿ ಕರಗಿತೇನ್ರಿ?’ ಎಂದು ಹಾಡಿನ ಹಾಗೆ ಕೇಳುತ್ತಿದ್ದ. ಅವನ ಮೈ ಬೆವರಿರಲಿಲ್ಲ.

ಆ ದಿನ ಕೆಲಸ ಮುಂದುವರಿಯಲಿಲ್ಲ. ಮನೆಗೆ ಬಂದು ಅಪ್ಪನ ಪೆಟ್ಟಿಗೆ ತೆಗೆದೆ. ಹಲ್ಲಿನ ಅಳತೆಗೆಂದು ಅಪ್ಪ ಕತ್ತರಿಸಿ ಇಟ್ಟಿದ್ದ ತಗಡು ಅದರ ತಳದಲ್ಲಿತ್ತು. ತಗಡಿನ ಹಲ್ಲಿಗೆ ಎರಡೂ ಕಡೆ ಒಂದೇ ಇಳಿಜಾರು. ಯಾರು ಎಳೆದರೂ ಅಷ್ಟೇ ಕಡಿಯಬೇಕು. ಅದನ್ನು ಗರಗಸದ ಮೇಲೆ ಇಟ್ಟು ನೋಡಿದೆ. ಒಂದಕ್ಕೂ ಕೂರಲಿಲ್ಲ. ಪ್ರತಿ ಹಲ್ಲೂ ತಾಮ್ರದ ಹಿಡಿಯ ಕಡೆಗೆ ಬಾಗಿದೆ. ಆ ಕಡೆಯವನು ಎಳೆದಾಗ ಕಚ್ಚಿ ಕೊಯ್ಯುತ್ತದೆ, ಈ ಕಡೆಯವನು ಎಳೆದಾಗ ಮರದ ಮೇಲೆ ಜಾರಿ ಹಿಂದಕ್ಕೆ ಬರುತ್ತದೆ, ಅಷ್ಟೇ. ಇದು ಒಂದು ಸಲ ಕೈತಪ್ಪಿ ಆದದ್ದಲ್ಲ. ಉಜ್ಜಿ ಉಜ್ಜಿ ಅಲಗು ಎರಡು ಬೆರಳು ಕಿರಿದಾಗಿದೆ. ಹಳೆಯ ಹಲ್ಲುಗಳೆಲ್ಲ ಎಂದೋ ಹುಡಿಯಾಗಿ ಹೋಗಿವೆ. ಎಂಟು ದಿನಕ್ಕೊಮ್ಮೆ ಹುಟ್ಟಿದ ಪ್ರತಿ ಹೊಸ ಅಂಚನ್ನೂ ನೀನು ಮತ್ತೆ ನಿನ್ನ ಕಡೆಗೇ ಬಾಗಿಸಿರಬೇಕು. ಲೆಕ್ಕ ಹಾಕಲು ಹೋಗಿ ಬಿಟ್ಟೆ.

ನನ್ನ ಹೆಗಲು ಮುರಿದ ವರ್ಷವೇ ಶುರುವಾಗಿರಬೇಕು. ಆಗ ನನಗೆ ಹದಿನೆಂಟು. ಹೆಗಲು ಕೂಡಿಕೊಳ್ಳುವವರೆಗೆ ಎಂದು ಇದ್ದಿರಬಹುದು. ಆಮೇಲೆ ಯಾಕೆ ಬಿಡಲಿಲ್ಲ? ನಾನು ಚಳಿಗಾಲಕ್ಕೊಮ್ಮೆ ನೋವು ಎನ್ನುತ್ತಿದ್ದೆನಲ್ಲ, ಅದಕ್ಕೇ? ಗುರುತು ಕಣ್ಣೆದುರಿಗೇ ಇತ್ತು, ಅದು ಈಗ ತಿಳಿಯುತ್ತದೆ. ಕಟ್ಟಿಗೆಯ ಹುಡಿ ಯಾವಾಗಲೂ ನಿನ್ನ ಕಾಲ ಬಳಿ ರಾಶಿ ಬೀಳುತ್ತಿತ್ತು, ನನ್ನ ಕಾಲ ಬಳಿ ನೆಲ ಕಾಣುತ್ತಿತ್ತು. ಗಾಳಿ ಆ ಕಡೆಗೆ ಎಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷ ಒಂದೇ ಕಡೆಗೆ ಬೀಸುವ ಗಾಳಿ. ವೈನಿ ನಮ್ಮಿಬ್ಬರಿಗೂ ನೀರು ಕೊಡುತ್ತಾ, ‘ಮೈದುನ ಮದಿವಿಗಿ ಹೋಗಿ ಬಂದಂಗ ಬರ್ತಾನ, ನೀವು ಹಿಟ್ಟಿನ ಗಡಗ್ಯಾಗ ಬಿದ್ದು ಎದ್ದಂಗ ಬರ್ತೀರಿ’ ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅವಳಿಗೆ ಗೊತ್ತಿತ್ತೇ? ಗೊತ್ತಿರದಿದ್ದರೆ ಈ ಭಾಗವನ್ನು ಬಿಟ್ಟು ಓದಿ ಹೇಳು.

ಇದಕ್ಕೆ ಉಪಕಾರ ಎಂಬ ಹೆಸರಿಡಲು ನನ್ನಿಂದ ಆಗುತ್ತಿಲ್ಲ. ಮೊದಲು ಬಂದದ್ದು ಸಿಟ್ಟು. ಯಾರು ಕೇಳಿದ್ದರು ನಿನ್ನನ್ನು? ನನ್ನದಲ್ಲದ ತೋಳನ್ನು ನನ್ನದೆಂದು ನಂಬಿಸಿ ನಡುವಯಸ್ಸಿಗೆ ತಂದು ನಿಲ್ಲಿಸಿದೆ. ಆ ತೋಳಿನ ಮೇಲಿನ ಭರವಸೆಯಿಂದ ನಾನು ಎಷ್ಟು ಜನರೊಡನೆ ಮಾತಾಡಿದ್ದೇನೆ, ಎಷ್ಟು ಕಡೆ ಎದೆ ಮುಂದೆ ಮಾಡಿ ಕೂತಿದ್ದೇನೆ. ಗುರಣ್ಣನಿಗೆ ಬಲವಿಲ್ಲ ಎಂದೆ. ನಿನ್ನನ್ನು ಎಂದದ್ದು ಮೇಲೆ ಬರೆದಾಯಿತು. ನಿಲಂಗಾದಲ್ಲಿ ಆ ಗಳಿಗೆಯಲ್ಲಿ ನೀನು ಹಲ್ಲಿನ ವಿಷಯ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ ಎಣ್ಣೆ ಸವರಿದೆ. ಆಮೇಲೆ ಆ ಸಿಟ್ಟೂ ನಿಲ್ಲಲಿಲ್ಲ. ಈಗ ಉಳಿದದ್ದು ಏನೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಜಾಲಿಯ ಮುಳ್ಳು ಮುರಿದು ಒಳಗೆ ಉಳಿದಾಗ ಕಾಲು ಊರಿದಾಗಷ್ಟೇ ತಿಳಿಯುತ್ತದಲ್ಲ, ಅಂಥದೇನೋ.

ಬೀರಣ್ಣನಿಗೆ ವಿಷಯ ಹೇಳಿದೆ. ಅವನು ಬಹಳ ಹೊತ್ತು ಹಲ್ಲಿನ ಮೇಲೆ ಬೆರಳಾಡಿಸಿ, ‘ನಿಮ್ಮಣ್ಣ ಭಾಳ ಖೋಡಿ ಮನಷ್ಯಾ ಬಿಡ್ರಿ’ ಎಂದ. ಆ ಬೈಗುಳವನ್ನು ಅವನು ಹೊಗಳಿಕೆಯಾಗಿ ಹೇಳಿದನೆಂದು ನನಗನ್ನಿಸಿತು. ಅವನು ಹೋಳಿ ಮುಗಿಸಿ ಕುರಿ ಹೊಡೆದುಕೊಂಡು ದಕ್ಷಿಣಕ್ಕೆ ಹೋದ.

ವೈನಿಗೆ ನಮಸ್ಕಾರ ತಿಳಿಸು. ನಮಗೆ ಅಕ್ಷರ ಕಲಿಸಿದ ಮಠದ ರಾಚಯ್ಯನವರು ಕಣ್ಣು ಕಾಣದಿದ್ದರೂ ನಿನ್ನನ್ನು ಹೆಸರು ಹಿಡಿದು ಕೇಳಿದರು, ಚೆನ್ನಾಗಿದ್ದೀ ಎಂದು ನಾನೇ ಹೇಳಿದೆ. ಕಸ್ತೂರಬಾಯಿ ನಿಮ್ಮಿಬ್ಬರ ಕಾಲಿಗೂ ಬೀಳುತ್ತಾಳೆ. ಶಿವ ನಿಮ್ಮನ್ನು ಸುಖವಾಗಿ ಇಟ್ಟಿರಲಿ.

ನಿನ್ನ ತಮ್ಮ,
ಮನ್ಮಥಪ್ಪ

ತಾ. ಕ.: ದಿಗಂಬರ ಬಂಡಿ ಹೂಡಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಲಂಗಾದ ಗಾಣದವರು ಹೇಳಿ ಕಳಿಸಿದ್ದಾರೆ. ಆ ಹುಣಸೆ ಇನ್ನೂ ಅಲ್ಲೇ ಇದೆ, ನಾವು ಕೊಯ್ದಷ್ಟು ಕೊಯ್ದು. ಒಣಗಿ ಕಬ್ಬಿಣವಾಗಿದೆಯಂತೆ. ಯುಗಾದಿಯ ಒಳಗೆ ಮುಗಿಸಿಕೊಡಿ, ಇಲ್ಲವೇ ಬೇರೆಯವರನ್ನು ಕರೆಯುತ್ತೇವೆ ಎಂದಿದ್ದಾರೆ. ಬೇರೆಯವರು ಆ ಸಂದಿನಲ್ಲಿ ಗರಗಸ ಇಡುವುದು ನನಗೆ ಬೇಡ. ಹೆಗಲು ನೋಯುತ್ತದೆ ಎಂದು ಮೇಲೆ ಬರೆದದ್ದು ಸುಳ್ಳು, ಅದು ನೋವು ಬಿಟ್ಟು ಇಪ್ಪತ್ತು ವರ್ಷವಾಯಿತು. ತಾಮ್ರದ ಹಿಡಿಯನ್ನು ತೊಳೆದು ಇಟ್ಟಿದ್ದೇನೆ, ಅದು ನಿನ್ನದೇ. ಅರ ಮಾತ್ರ ನನ್ನ ಕೈಯಲ್ಲಿದೆ, ಹಲ್ಲಿನ ಬಾಗನ್ನು ಇನ್ನೂ ಮುಟ್ಟಿಲ್ಲ. ನೀನು ಬರುವುದಾದರೆ ಅಪ್ಪನ ತಗಡಿನಂತೆ ಎರಡೂ ಕಡೆ ಸಮ ಉಜ್ಜಲೇ, ಅಥವಾ ಇನ್ನುಳಿದ ವರ್ಷಗಳಿಗೆ ನನ್ನ ಕಡೆಗೆ ಬಾಗಿಸಲೇ, ಅಣ್ಣಾ?