ಒಂದು ನಿಮಿಷದ ಮೌನ

ಹೊಸಪೇಟೆ, ಹಾಸ್ಟೆಲಿನಿಂದ

ಅವ್ವಾ,

ನಿನ್ನ ತುಳಸಿಯ ನಮಸ್ಕಾರ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕನ್ನಡ ತರಗತಿಗೆ ನಾನೊಂದು ಪ್ರಬಂಧ ಬರೆದಿದ್ದೆ. ನೀನು ಕುರೆಕುಪ್ಪದ ಕಡೆ ಕಾರ್ಖಾನೆಯ ಕ್ಯಾಂಟೀನಿಗೆ ತಟ್ಟೆ ತೊಳೆಯಲು ಸೇರಿದ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತಲ್ಲ, ಅದರ ಬಗ್ಗೆ. ಕ್ಯಾಂಟೀನಿನ ಮಾತನ್ನು ಮಾತ್ರ ಬರೆಯಲಿಲ್ಲ. ಗೆಳತಿಯರಿಗೆ ಗೊತ್ತಾಗುವುದು ಬೇಡ ಅನ್ನಿಸಿತ್ತು.

ಶೈಲಜಾ ಮೇಡಂ ಅದನ್ನು ಎಲ್ಲರೆದುರು ಓದಿ, ಇದರ ಧಾಟಿ, ಶೈಲಿ, ಉದ್ದೇಶ ಏನೆಂದು ಕೇಳಿದರು.

"ಧಾಟಿ ದುಃಖದ್ದು ಐತ್ರಿ ಮೇಡಂ. ತುಳಸಿಯವ್ವ ತೀರ್ಕೊಂಡಾರ ಅನ್ನಸ್ತೈತಿ," ಅಂದ ರೇವಣಸಿದ್ದ. ಉದ್ದೇಶ ಶ್ರದ್ಧಾಂಜಲಿ ಎಂದು ಇನ್ನೊಬ್ಬಳು ಸೇರಿಸಿದಳು. ಮೇಡಂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಕಣ್ಣೊರೆಸಿಕೊಂಡು, ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣ ಅಂದರು.

ಅವ್ವಾ, ನಾನೂ ಎದ್ದು ನಿಂತೆ.

ಈಗ ಮಧ್ಯಾಹ್ನ ಗೆಳತಿಯರು ತಮ್ಮವ್ವಂದಿರು ಕಟ್ಟಿದ ಬುತ್ತಿಯಲ್ಲಿ ನನಗೂ ಒಂದು ರೊಟ್ಟಿ ಎತ್ತಿಡುತ್ತಾರೆ. ನಾನು ಅದನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಬಿಡುತ್ತೇನೆ. "ಸತ್ತಾರಂತ ಸುಳ್ಳ ಸುದ್ದಿ ಹಬ್ಬಿದ್ರ ಆಯುಷ್ಯ ಜಾಸ್ತಿ ಆಗತೈತಿ" ಎಂದು ನೀನೇ ಅನ್ನುತ್ತಿದ್ದೆ. ಅದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ಸೋಮವಾರ ನಿನಗೆ ರಜೆಯಲ್ಲವೇ? ಕಾಲೇಜಿಗೆ ಬಾ. ಹೊಸ ಸೀರೆ ಬ್ಯಾಡ, ಕ್ಯಾಂಟೀನಿನಲ್ಲಿ ಸೀರೆಯ ಮೇಲೆ ತೊಡುವ ಆ ನೀಲಿ ಕೋಟು ಹಾಕಿಕೊಂಡೇ ಬಾ. ಮೇಡಂ "ಯಾರ್ರಿ ನೀವು?" ಅಂದರೆ ನೀನು ಸುಮ್ಮನಿರು.

ಈ ಸಲ ನಾನೇ ಎದ್ದು ನಿಂತು ಹೇಳುತ್ತೇನೆ.

ನಿನ್ನ ಮಗಳು,
ತುಳಸಿ