ಹದಿಮೂರಕ್ಕೆ ಇಳಿಯಬೇಕಿದ್ದ ಗೋಧಿ

ಮಾರ್ಚ್ 29, ಶುಕ್ರವಾರ

ಐದೂವರೆಗೆ ಗದ್ದೆಗೆ ಹೋದೆ. ಅರಬರ ನಾಡಿನಲ್ಲಿ ಗೋಧಿ ಬೆಳೆದ ಜಾಗವಾದರೂ ಗದ್ದೆ ಎಂದೇ ಬಾಯಿಗೆ ಬರುತ್ತದೆ. ತಗಡಿನ ಡಬ್ಬ ಬಡಿದು ಹಕ್ಕಿ ಓಡಿಸಿದೆ. ಮೊಣಕಾಲಿನ ತನಕ ಸೀರೆ ಒದ್ದೆ. ಇಷ್ಟು ಇಬ್ಬನಿ ಹೋದ ವರ್ಷ ಇರಲಿಲ್ಲ. ಫೆಬ್ರವರಿಯಲ್ಲಿ ಮಳೆ, ಮಾರ್ಚಿನಲ್ಲಿ ಮತ್ತೆ ಮಳೆ. ಇವರು ಪಂಪ್ ಹಾಕಿದ್ದೇ ಅಪರೂಪ.

ಮೂರು ಎಕರೆಯೂ ಒಂದೇ ಹಾಗಿಲ್ಲ. ಮನೆಯ ಕಡೆ ಎತ್ತರದಲ್ಲಿ ಚೆನ್ನಾಗಿದೆ. ನಡುವೆ ಸೊಂಟದೆತ್ತರ, ಗಾಳಿಗೆ ತೂಗುತ್ತದೆ. ವಾದಿಯ ಕಡೆ, ಮಳೆ ಬಂದರೆ ಮಾತ್ರ ಹರಿಯುವ ಹಳ್ಳದ ಕಡೆ, ತಗ್ಗಿನಲ್ಲಿ ಅಡ್ಡ ಮಲಗಿದೆ. ಮಲಗಿದ್ದರ ಎಲೆ ಮುಟ್ಟಿದರೆ ಬೆರಳಿಗೆ ಅರಿಶಿನದಂಥ ಪುಡಿ. ರೋಗವಂತೆ.

ಝುವೈನಾ ಅಜ್ಜಿ ಬಂದರು — ನಮ್ಮ ತೋಟದ ಧಣಿ, ಅರ್ಬಾಬ್ ಖಲ್ಫಾನರ ತಾಯಿ. ರಂಜಾನ್ ಉಪವಾಸ, ಆದರೂ ದಿನಾ ಬರುತ್ತಾರೆ. ಇದು ಅವರ ಬೀಜ. ಮದುವೆಯಾಗಿ ಬರುವಾಗ ಬೆಟ್ಟದ ಊರಿನಿಂದ ತಂದದ್ದು. ಪ್ರತಿ ವರ್ಷ ಡ್ರಮ್ಮಿನಲ್ಲಿ ಬೂದಿ ಬೆರೆಸಿ ತೆಗೆದಿಡುತ್ತಿದ್ದರು. ಹೋದ ಸಲ ಹುಳ ಬಿತ್ತು. ಆರಿಸಿ ಉಳಿದದ್ದನ್ನೆಲ್ಲ ಬಿತ್ತಿದ್ದಾಯಿತು. ಡ್ರಮ್ ಖಾಲಿ. ಬೇರೆ ಗೋಧಿ ಬುರೈಮಿ ಪೇಟೆಯಲ್ಲಿ ಸಿಗುತ್ತದೆ. ಇದು ಈ ಮೂರು ಎಕರೆ ಬಿಟ್ಟರೆ ಎಲ್ಲೂ ಇಲ್ಲ.

ಅಜ್ಜಿ ಒಂದು ತೆನೆಯನ್ನು ಕೆನ್ನೆಗೆ ಒತ್ತಿಕೊಂಡರು. ನನ್ನ ಕೆನ್ನೆಗೂ ಒತ್ತಿದರು. ಮೀಸೆ ಚುಚ್ಚಿತು. ಇಬ್ಬರೂ ನಕ್ಕೆವು. ನಮ್ಮಿಬ್ಬರ ನಡುವೆ ಹತ್ತು ಶಬ್ದ ಇದ್ದರೆ ಹೆಚ್ಚು.

ಏಪ್ರಿಲ್ 3, ಬುಧವಾರ

ಬಣ್ಣ ತಿರುಗಿದೆ. ಮಧ್ಯಾಹ್ನದ ಬಿಸಿಲಿಗೆ ನೋಡಿದರೆ ಕಣ್ಣು ಕುಕ್ಕುತ್ತದೆ. ಬುಡದಲ್ಲಿ ಮಾತ್ರ ಹೊಸ ಕವಲು — ಮಾರ್ಚಿನ ಮಳೆಗೆ ಒಡೆದದ್ದು. ಹಸಿರು ತೆನೆ, ಹಾಲು ಕಾಳು. ಮೇಲೆ ಅಜ್ಜ, ಕೆಳಗೆ ಮೊಮ್ಮಗ.

ಇವರಿಗೆ ಹೇಳಬೇಕೆಂದಿದ್ದೆ. ಟೊಮೆಟೊ ಲೋಡ್ ಮಾಡುವ ಗಡಿಬಿಡಿ. ಹೇಳಲಿಲ್ಲ.

ಏಪ್ರಿಲ್ 6, ಶನಿವಾರ

ಇವರು ಟೊಮೆಟೊ ಹಾಕಲು ಅಲ್ ಮವಾಲೇಹ್ ಮಾರ್ಕೆಟಿಗೆ ಹೋಗಿದ್ದಾರೆ. ಹನ್ನೊಂದಕ್ಕೆ ಫೋನ್.

"ಲೋಲಾಕ್ಷಿ, ಕ್ಲೇಟನ್ ಕೇಳ್ತಾ ಇದ್ದಾನೆ. ಕೊಯ್ಯುವ ಮಿಶಿನ್ ಸೋಮವಾರ ಬರ್ಬೇಕಾ, ಶುಕ್ರವಾರ ಬರ್ಬೇಕಾ ಅಂತ. ನೀನೊಮ್ಮೆ ಗದ್ದೆಗೆ ಹೋಗಿ ನೋಡಿ ಹೇಳು ಮಾರಾಯ್ತಿ. ಸರಿ ನೋಡು ಆಯ್ತಾ, ಕರೆಸಿ ವಾಪಸ್ ಕಳಿಸಿದ್ರೆ ನಮ್ಮ ಹೆಸರು ಪಟ್ಟಿಯ ಬಾಲಕ್ಕೆ ಹೋಗ್ತದೆ."

ಹೋಗಿ ನೋಡಿದೆ. ಅಮ್ಮ ಭತ್ತ ನೋಡುತ್ತಿದ್ದ ಹಾಗೆ ನೋಡಿದೆ. ತೆನೆ ಬಗ್ಗಿಸುವುದು, ತುದಿಯಿಂದ ಮುಕ್ಕಾಲು ಪಾಲು ಹಳದಿಯೇ ಎಂದು ನೋಡುವುದು. "ದಂಟು ಹಸಿರಿರುವಾಗಲೇ ಕತ್ತಿ ಇಡ್ಬೇಕು. ಒಣಗ್ಲಿಕ್ಕೆ ಬಿಟ್ರೆ ಕಾಳೆಲ್ಲ ನೆಲದ ಪಾಲು" — ಅಮ್ಮನ ಮಾತು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಕಲಿತ ದೊಡ್ಡ ಪಾಠ ಅದೇ. ಮುಕ್ಕಾಲು ಹಳದಿ ಕಂಡಿತು. ಮುಕ್ಕಾಲಿಗಿಂತ ಹೆಚ್ಚೇ.

ಮತ್ತೆ ಫೋನ್. "ಆಗಿದೆ" ಎಂದೆ.

"ಕಾಳು ಹಲ್ಲಲ್ಲಿ ಕಚ್ಚಿ ನೋಡಿದ್ಯಾ? ಕಟ್ ಅಂತದಾ?"

ಫೋನ್ ಸ್ಪೀಕರಿನಲ್ಲಿತ್ತು. ಹಿಂದೆ ಗಂಡಸರ ನಗು ಕೇಳಿಸಿತು. ಯಾರೋ "ಮೇಡಂ ರಿಪೋರ್ಟಾ ಬೋಜಣ್ಣ?" ಎಂದರು. ಮುಖ ಬಿಸಿಯಾಯಿತು. ಬೇಗ ಮುಗಿಯಲಿ ಎಂದು "ಹೂಂ" ಎಂದುಬಿಟ್ಟೆ.

ಕಚ್ಚಿರಲಿಲ್ಲ.

ಏಪ್ರಿಲ್ 8, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂಬತ್ತಕ್ಕೆ ಮಿಶಿನ್ ಬಂತು. ಹಸಿರು ಬಣ್ಣ, ಮನೆಯಷ್ಟು ದೊಡ್ಡದು. ಕ್ಲೇಟನ್ ಇಳಿದ. ಉಡುಪಿ ಕಡೆಯವನು, ಬುರೈಮಿಯಲ್ಲಿ ವರ್ಕ್‌ಶಾಪ್. ನನ್ನನ್ನು ನೋಡಿ "ಎಂತ ಲೋಲಕ್ಕ, ಮಿಶಿನಿಗೆ ಆರತಿ ಇಲ್ವಾ?" ಎಂದ. ನಾನು ಬಾಗಿಲ ಹಿಂದೆ ಸರಿದೆ.

ನಾಲ್ಕು ಕಡೆಯಿಂದ ಕಾಳು ತೆಗೆದು ಸಣ್ಣ ಪೆಟ್ಟಿಗೆಯಂಥ ಮೀಟರಿಗೆ ಸುರಿದ. ನೋಡಿದ. ಪುನಃ ಸುರಿದ.

"ಬೋಜಣ್ಣ, ಹತ್ತೊಂಬತ್ತು ತೋರಿಸ್ತದೆ! ತೇವ ಹದಿಮೂರಕ್ಕೆ ಇಳಿಯದೆ ನಾನು ಮಿಶಿನ್ ಇಳಿಸುದಿಲ್ಲ. ಇದೆಂತ ಭತ್ತವಾ, ಬೇಯಿಸಿ ಕುಚ್ಚಲಕ್ಕಿ ಮಾಡ್ಲಿಕ್ಕೆ?"

"ಸ್ವಲ್ಪ ನೋಡು ಮಾರಾಯ. ಕೊಯ್ದು ಒಣಗಿಸಿದ್ರೆ ಆಗುದಿಲ್ವಾ?"

"ಹಸಿ ಕಾಳು ಒಳಗೆ ಹೋದ್ರೆ ಜಜ್ಜಿ ಹೋಗ್ತದೆ. ತಿನ್ಲಿಕ್ಕಾದ್ರೆ ಹೇಗೋ. ನಿಮಗೆ ಬೀಜಕ್ಕೆ ಅಲ್ವಾ? ಇನ್ನು ನಾಲ್ಕು ದಿನ ಬಿಸಿಲು ಬೇಕು. ಶುಕ್ರವಾರ ಅಂದಿದ್ರೆ ಸರಿಯಾಗ್ತಿತ್ತು. ಈಗ ಶುಕ್ರವಾರ ಆಚೆ ತೋಟಕ್ಕೆ ಕೊಟ್ಟಾಯ್ತು. ನಿಮ್ಮದು ಇನ್ನು ಹದಿನೇಳನೇ ತಾರೀಕಿಗೆ."

ಅರ್ಬಾಬ್ ಖಲ್ಫಾನ್ ಅಲ್ಲೇ ಇದ್ದರು. ಕೆಲಸದವರೂ ಇದ್ದರು. ಅವರ ಹಿಂದಿ ಮೆಲ್ಲಗೆ ಇತ್ತು, ಅದೇ ಹೆಚ್ಚು ಹೆದರಿಕೆ.

"ಬೋಜ, ಕೌನ್ ದೇಖಾ ಖೇತ್?"

ಇವರು ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ — "ಮೈ ದೇಖಾ, ಅರ್ಬಾಬ್. ಮೇರಾ ಗಲ್ತಿ." ಗದ್ದೆ ನೋಡಿದ್ದೂ ತಾವೇ, ತಪ್ಪೂ ತಮ್ಮದೇ ಎಂದು.

ಬಾಗಿಲಿಂದ ಹತ್ತು ಹೆಜ್ಜೆ. ಹೊರಗೆ ಬಂದು "ನಾನು" ಎಂದಿದ್ದರೆ ಸಾಕಿತ್ತು. ಹೊಸ್ತಿಲು ದಾಟಲಿಲ್ಲ.

ಮಿಶಿನ್ ತಿರುಗಿ ಹೋಯಿತು.

ಏಪ್ರಿಲ್ 9, ಮಂಗಳವಾರ

ಇವರು ಊಟಕ್ಕೆ ಕುಳಿತಾಗ "ಉಪ್ಪು ಸರಿ ಉಂಟು" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಹಬ್ಬ. ಕೆಲಸದ ಮೂವರೂ ಬುರೈಮಿಗೆ ಹೋದರು. ಭಾನುವಾರದಿಂದ ಮಳೆ ಎಂದು ಫೋನಿನಲ್ಲಿ ಬಂದಿದೆ.

ಏಪ್ರಿಲ್ 12, ಶುಕ್ರವಾರ

ಇವತ್ತು ಕಚ್ಚಿದೆ. ಕಟ್ ಎಂದಿತು. ಇನ್ನೊಂದು, ಮತ್ತೊಂದು. ಎಲ್ಲ ಕಟ್. ಹುಲ್ಲಿನ ಗರಿ ಮುರಿದ ಹಾಗೆ ದಂಟು ಮುರಿಯುತ್ತದೆ.

ಆಚೆ ತೋಟದಲ್ಲಿ ಮಿಶಿನ್ ಸದ್ದು ಬೆಳಗಿನಿಂದ. ಇವರು ಹೋಗಿ ಕ್ಲೇಟನ್‌ನನ್ನು ಕೇಳಿದರು. ಅವರದ್ದು ಮುಗಿಯುವುದೇ ನಾಳೆ, ಅಲ್ಲಿಂದ ಇನ್ನೆರಡು ತೋಟ. ಯಾರೂ ಬಿಟ್ಟುಕೊಡುವವರಲ್ಲ, ಎಲ್ಲರ ಫೋನಿನಲ್ಲೂ ಅದೇ ಮಳೆ.

ಅಜ್ಜಿ ಗದ್ದೆಯ ಬದುವಿನಲ್ಲಿ ಕುಳಿತಿದ್ದರು. ಹಬ್ಬದ ಹೊಸ ಬಟ್ಟೆ, ಕೈಯಲ್ಲಿ ಮದರಂಗಿ. ಆಕಾಶ ನೋಡುತ್ತಾರೆ, ಗದ್ದೆ ನೋಡುತ್ತಾರೆ.

ಒಳಗೆ ಹೋಗಿ ಕುಡುಗೋಲು ಹುಡುಕಿದೆ. ಕುದುರೆಮೇವು ಕೊಯ್ಯುವ ಹಲ್ಲಿನ ಕುಡುಗೋಲು, ತುಕ್ಕು. ಕಲ್ಲಿಗೆ ಮಸೆದೆ. ಇವರು ಬಂದು ನಿಂತರು.

"ಮೂರು ಎಕರೆ ನೀನೊಬ್ಬಳೇ ಕೊಯ್ತೀಯಾ?"

"ಬೀಜಕ್ಕಾಗುವಷ್ಟು."

"ಇಲ್ಲಿ ಈಗ ಕೈಯಲ್ಲಿ ಕೊಯ್ಯುವವರು ಯಾರಿದ್ದಾರೆ? ನೋಡಿದವರು ನಗ್ತಾರೆ."

ಮಸೆಯುವುದನ್ನು ನಿಲ್ಲಿಸಲಿಲ್ಲ. ಇವರು ಸ್ಟೋರಿಗೆ ಹೋದರು. ಆಮೇಲೆ ಇನ್ನೊಂದು ಕುಡುಗೋಲು ತಂದು ನನ್ನ ಮುಂದೆ ಇಟ್ಟು, "ಇದನ್ನೂ ಮಸೆ" ಎಂದರು.

ಏಪ್ರಿಲ್ 13, ಶನಿವಾರ

ಮನೆಯ ಕಡೆಯ ಎತ್ತರದಿಂದ ಶುರು ಮಾಡಿದೆವು. ಒಳ್ಳೆಯದು ಅಲ್ಲೇ ಇರುವುದು. ಹಸಿರು ಕವಲು ಬಿಟ್ಟು ಹಳದಿ ದಂಟು ಮಾತ್ರ ಹಿಡಿದು ಕೊಯ್ಯುವುದು. ಭತ್ತದ ಹಾಗೆ ಮೆತ್ತಗಿಲ್ಲ, ಅಂಗೈ ಸುಲಿಯುತ್ತದೆ. ಆದರೆ ಕೈಗೆ ಕೆಲಸ ಮರೆತಿಲ್ಲ. ಎಡಗೈ ಹಿಡಿಯುವುದು, ಬಲಗೈ ಎಳೆಯುವುದು, ಹಿಂದೆ ಹಾಕುವುದು. ಇವರು ಹಿಂದಿನಿಂದ ಕಂತೆ ಮಾಡಿ ಸೂಡಿ ಕಟ್ಟುತ್ತಾ ಬಂದರು.

ಅಜ್ಜಿ ಬದುವಿನಿಂದ ಎದ್ದು ಬಂದರು. ನನ್ನ ಕುಡುಗೋಲು ಕಿತ್ತುಕೊಂಡರು. ಬೈಯುತ್ತಾರೆಂದುಕೊಂಡೆ. ಬಗ್ಗಿ ನಾಲ್ಕು ಹಿಡಿ ಕೊಯ್ದರು — ನನಗಿಂತ ಬೇಗ. ಸೊಂಟ ಹಿಡಿದುಕೊಂಡು ವಾಪಸ್ ಕೊಟ್ಟು "ಯಲ್ಲಾ" ಎಂದರು, ನಡಿ ಎಂದು.

ಅರ್ಬಾಬ್ ಗಾಡಿಯಿಂದ ಇಳಿಯದೆ ನೋಡಿ ಹೋದರು.

ಏಪ್ರಿಲ್ 14, ಭಾನುವಾರ, ಮಧ್ಯಾಹ್ನ

ನೂರ ಹದಿನೇಳು ಸೂಡಿ. ಕಾಲೆಕರೆಯೂ ಆಗಿಲ್ಲ. ಹನ್ನೆರಡಕ್ಕೆ ಬೆಟ್ಟದ ಕಡೆ ಕಪ್ಪಾಯಿತು. ಎಲ್ಲ ನಮ್ಮ ರೂಮಿಗೆ ಹೊತ್ತು ಹಾಕಿದೆವು. ಸ್ಟೋರಿನ ತಗಡು ಸೋರುತ್ತದೆ, ಅದಕ್ಕೆ. ಕೊನೆಯ ಸೂಡಿ ಒಳಗೆ ಬರುವಾಗ ಮೊದಲ ಹನಿ.

ಏಪ್ರಿಲ್ 16, ಮಂಗಳವಾರ

ಕರೆಂಟ್ ಇಲ್ಲ. ವಾದಿ ಕೂಗುತ್ತಿದೆ. ರೂಮಿನೊಳಗೆ ಪಾದ ಮುಳುಗುವಷ್ಟು ನೀರು. ಸೂಡಿಗಳು ಮಂಚದ ಮೇಲೆ, ಮೇಜಿನ ಮೇಲೆ, ಗ್ಯಾಸಿನ ಕಟ್ಟೆಯ ಮೇಲೆ. ನಾವು ಕುರ್ಚಿಯಲ್ಲಿ. ನಿನ್ನೆಯಿಂದ ಅವಲಕ್ಕಿ.

ಇವರು ಮಂಚ ನೋಡಿ, "ಮದುವೆಯಲ್ಲಿ ನಿನ್ನಪ್ಪ ಕೊಡದ ಹಾಸಿಗೆ ಈಗ ಸಿಕ್ಕಿತು" ಎಂದರು. ಎಂಟು ದಿನದಲ್ಲಿ ಮೊದಲ ತಮಾಷೆ. ನಗಬೇಕೆಂದಿದ್ದೆ, ಅಳು ಬಂತು.

"ನಾನು ಅವತ್ತು ಕಚ್ಚಿರ್ಲಿಲ್ಲ" ಎಂದೆ.

"ಗೊತ್ತುಂಟು."

"ಮತ್ತೆ ಯಾಕೆ—"

"ಫೋನಿನಲ್ಲೇ ಗೊತ್ತಾಯ್ತು. ನೀನು 'ಹೂಂ' ಅಂದ ಕೂಡ್ಲೇ. ಅಷ್ಟು ಜನರ ಎದುರು ಪುನಃ ಕೇಳಿದ್ರೆ ನನ್ನ ಹೆಂಡ್ತಿಯನ್ನು ನಂಬುದಿಲ್ಲ ಅಂತ ಆಗ್ತದೆ ಅಂತ ಕೇಳ್ಲಿಲ್ಲ." ಕಾಲಿನಿಂದ ನೀರು ಸರಿಸಿದರು. "ನನ್ನದೂ ಗಲ್ತಿಯೇ."

ಏಪ್ರಿಲ್ 20, ಶನಿವಾರ

ಮಳೆ ನಿಂತು ಮೂರು ದಿನ. ರಸ್ತೆ ವಾದಿಯಲ್ಲಿ ಹೋಗಿದೆ. ಹದಿನೇಳಕ್ಕೆ ಬರಬೇಕಿದ್ದ ಮಿಶಿನ್ ಆಚೆ ದಡದಲ್ಲಿ. ಬಂದರೂ ಪ್ರಯೋಜನ ಇಲ್ಲ.

ಇವತ್ತು ಅಜ್ಜಿಯ ಜೊತೆ ಗದ್ದೆಗೆ ಇಳಿದೆ. ತಗ್ಗಿನಲ್ಲಿ ಕೆಸರು ಮಾತ್ರ. ನಡುವಿನದ್ದು ಎಲ್ಲ ಮಲಗಿದೆ. ಒಂದು ತೆನೆ ಎತ್ತಿ ನೋಡಿದೆ. ಕಾಳು ಕಾಳಿನಿಂದಲೂ ಬಿಳಿ ಬೇರು, ಹಸಿರು ಕೂದಲು. ತೆನೆಯಲ್ಲೇ ಮೊಳೆತಿದೆ. ಬೀಜ ಆಗಬೇಕಾದದ್ದು ಗಾಳಿಯಲ್ಲಿ ಬೇರು ಬಿಟ್ಟು ಮಣ್ಣು ಹುಡುಕುತ್ತಿದೆ.

ಅಜ್ಜಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನಿಂತರು.

ಅರ್ಬಾಬ್ ಬದುವಿನಲ್ಲಿ ಇವರಿಗೆ ಹೇಳಿದರು: ಗೋಧಿ ಖಲಾಸ್. ಬರುವ ವರ್ಷದಿಂದ ಪೂರ್ತಿ ಹುಲ್ಲು. ಇವರು ತಲೆಯಾಡಿಸಿದರು. ಅಜ್ಜಿ ಮಗನಿಗೆ ಬೆನ್ನು ಹಾಕಿ ಮನೆಗೆ ನಡೆದರು.

ಏಪ್ರಿಲ್ 23, ಮಂಗಳವಾರ

ಮೂರು ದಿನ ಬಿಸಿಲಿಗೆ ಹಾಕಿದ ಸೂಡಿ ಇವತ್ತು ಬಡಿದೆವು. ಕಬ್ಬಿಣದ ಮಂಚದ ಹಾಸಿಗೆ ತೆಗೆದು ಸರಳಿಗೆ ಬಡಿಯುವುದು, ಊರಲ್ಲಿ ಪಡಿಮಂಚಕ್ಕೆ ಭತ್ತ ಬಡಿದ ಹಾಗೆ. ಕೆಳಗೆ ಚಾದರ. ಒಂದೂವರೆ ಡ್ರಮ್ ಆಯಿತು. ಮೊಳಕೆ ಇಲ್ಲ. ಆದರೆ ಐದಾರು ದಿನ ಒದ್ದೆ ರೂಮಿನಲ್ಲಿ ಒತ್ತಿಕೊಂಡು ಇದ್ದವು. ಕೆಲವು ಸೂಡಿಯ ನಡುವೆ ಕೈ ಹಾಕಿದಾಗ ಬೆಚ್ಚಗಿತ್ತು. ಒಳಗೆ ಜೀವ ಉಂಟೋ ಬೆಂದುಹೋಗಿದೆಯೋ ನೋಡಿದರೆ ತಿಳಿಯುವುದಿಲ್ಲ.

ಅಜ್ಜಿಗೆ ತಿಳಿಯುವ ದಾರಿ ಗೊತ್ತು. ಕಣ್ಣು ಮುಚ್ಚಿ ಕಾಳು ಎತ್ತಿದರು — ಆರಿಸಬಾರದು. ಒದ್ದೆ ಬಟ್ಟೆಯಲ್ಲಿ ಹತ್ತರ ಸಾಲು, ಹತ್ತು ಸಾಲು. ಸುತ್ತಿದರು. ಐದು ದಿನ. ಕೈ ಬೆರಳು ತೋರಿಸಿದರು: ಎಂಟು ಸಾಲಿನಷ್ಟು, ಎಂಬತ್ತು ಕಾಳು ಎದ್ದರೆ ಬೀಜ. ಕಡಿಮೆಯಾದರೆ ರೊಟ್ಟಿ.

ಸುತ್ತುವಾಗಲೇ ಹೇಳಿದೆ. ಎಲ್ಲಿಂದ ಬಂತೋ ಧೈರ್ಯ. ಗದ್ದೆ ತೋರಿಸಿದೆ, ಕಣ್ಣು ತೋರಿಸಿದೆ, ಎದೆ ಮುಟ್ಟಿಕೊಂಡೆ. "ಅನಾ. ಬೋಜ ಲಾ." ನೋಡಿದ್ದು ನಾನು, ಬೋಜ ಅಲ್ಲ.

ಅಜ್ಜಿಯ ಕೈ ನಿಂತಿತು. ನನ್ನ ಮುಖ ನೋಡಿದರು. ಕೋಪವೋ ಎಂತದೋ ಗೊತ್ತಾಗಲಿಲ್ಲ. ಒಂದು ಬೆರಳಿನಿಂದ ನನ್ನ ತುಟಿ ಮುಟ್ಟಿದರು. ಆಮೇಲೆ ಅದೇ ಬೆರಳಿನಿಂದ ಮಗ ಕೂರುವ ಮಜ್ಲಿಸ್ ಚಾವಡಿಯ ಕಡೆ ತೋರಿಸಿದರು, ಅಲ್ಲಿ ಹೇಳು ಎಂಬಂತೆ. ಬಟ್ಟೆಯ ಸುರುಳಿ ನನ್ನ ಮಡಿಲಿಗೆ ಹಾಕಿ ಎದ್ದು ಹೋದರು.

ಏಪ್ರಿಲ್ 25, ಗುರುವಾರ

ದಿನಕ್ಕೆ ಎರಡು ಸಲ ನೀರು ಚಿಮುಕಿಸುವುದು. ಬಿಚ್ಚಿ ನೋಡಬಾರದು. ನೋಡಿಲ್ಲ.

ಮಜ್ಲಿಸಿನ ಮುಂದೆ ಎರಡು ಸಲ ಹೋದೆ. ಒಳಗೆ ಗಂಡಸರು. ವಾಪಸ್ ಬಂದೆ.

ಏಪ್ರಿಲ್ 28, ಭಾನುವಾರ, ಬೆಳಿಗ್ಗೆ ಏಳು

ಅಂಗಳದಲ್ಲಿ ಕುಳಿತಿದ್ದೇವೆ. ಅಜ್ಜಿ, ಇವರು, ನಾನು. ಅಜ್ಜಿ ಬಟ್ಟೆ ಬಿಚ್ಚುವುದು, ನಾನು ಎಣಿಸಿ ಇದರಲ್ಲೇ ಗುರುತು ಹಾಕುವುದು. ಅಜ್ಜಿಗೆ ಹತ್ತಿರದ್ದು ಕಾಣುವುದಿಲ್ಲ.

ಮೊದಲ ಸಾಲು — ಒಂಬತ್ತು. ಎರಡನೆಯದು ಏಳು. ಮೂರನೆಯದು ಹತ್ತು. ಹತ್ತೂ.

ನಾಲ್ಕು — ಎಂಟು. ಐದು — ಆರು. ನಾಲ್ಕು ಕಾಳು ಕಪ್ಪಾಗಿವೆ, ಹಿಸುಕಿದರೆ ನೀರು. ಬೆಚ್ಚಗಿದ್ದ ಸೂಡಿಯವು ಇರಬೇಕು.

ಆರು — ಒಂಬತ್ತು. ಏಳು — ಒಂಬತ್ತು. ಎಂಟು — ಎಂಟು. ಕೂಡಿಸಿದೆ. ಅರವತ್ತಾರು. ಇನ್ನು ಎರಡು ಸಾಲಿನಲ್ಲಿ ಹದಿನಾಲ್ಕು ಬೇಕು.

ಅರ್ಬಾಬ್ ಬಂದರು. ನಿಂತು ನೋಡುತ್ತಿದ್ದಾರೆ. ಅಜ್ಜಿ ತಲೆ ಎತ್ತಲಿಲ್ಲ.

ಒಂಬತ್ತು — ಎಂಟು.

ಎಪ್ಪತ್ತನಾಲ್ಕು. ಕೊನೆಯ ಮಡಿಕೆ ಅಜ್ಜಿ ಬಿಚ್ಚಿದರು. ಒಂದು, ಎರಡು, ಮೂರು. ನಾಲ್ಕನೆಯದು ಇಲ್ಲ. ಐದು ಉಂಟು, ಆರು ಉಂಟು, ಏಳು—

ಏಳು ಉಂಟು. ಬಿಳಿ ಬೇರು. ಅದರ ಆಚೆಯದ್ದೂ. ಎಂಬತ್ತು ದಾಟಿತು.

ಅರ್ಬಾಬ್ ಕೇಳುತ್ತಿದ್ದಾರೆ, "ಕಿತನಾ, ಬೋಜ?" ಇವರು ನನ್ನ ಕಡೆ ನೋಡಿದರು. ಅಜ್ಜಿಯೂ. ಎಷ್ಟು ಎಂದು ಮೊದಲು ಹೇಳುತ್ತೇನೆ. ಆಮೇಲೆ ಆರನೆಯ ತಾರೀಕು ಗದ್ದೆ ನೋಡಿದ್ದು ನಾನೆಂದು, ಹಿಂದಿ ಬಂದಷ್ಟರಲ್ಲಿ. ಪುಸ್ತಕ ಮುಚ್ಚಿ ಏಳುತ್ತೇನೆ.